ಹಿಮಾಲಯನ್ 411ಕ್ಕೆ 14 ಹಲ್ಲಿನ ಮುಂದಿನ ಸ್ಪ್ರಾಕೆಟ್: ಎರಡು ಮಳೆಗಾಲ ಓಡಿಸಿದ ಮೇಲೆ

ಸಕಲೇಶಪುರದ ಒಳಭಾಗದಲ್ಲಿರುವ ನಮ್ಮ ಭಾವನವರ ಕಾಫಿ ತೋಟಕ್ಕೆ ಹೋಗುವ ದಾರಿಯ ಕೊನೆಯ ಮುಕ್ಕಾಲು ಕಿಲೋಮೀಟರಿಗೆ ಡಾಂಬರು ಬಿದ್ದಿಲ್ಲ. ಹಳ್ಳ ದಾಟಿದ ಕೂಡಲೇ ಏರು ಶುರುವಾಗುತ್ತದೆ. ಜೀಪಿನ ಗಾಲಿಗಳು ಕೊರೆದ ಎರಡು ಜಾಡು, ಅವುಗಳ ನಡುವೆ ಹುಲ್ಲು ಬೆಳೆದ ದಿಣ್ಣೆ, ಅರ್ಧ ಏರಿದ ಮೇಲೆ ಎಡಕ್ಕೆ ಇಕ್ಕಟ್ಟಾದ ಒಂದು ತಿರುವು, ಆ ತಿರುವಿನ ನಟ್ಟನಡುವೆ ಗೇಣೆತ್ತರ ಎದ್ದು ನಿಂತ ಬಂಡೆಯ ಮೆಟ್ಟಿಲು. ಕಂಪನಿಯಿಂದ ಬಂದ 15 ಹಲ್ಲಿನ ಮುಂದಿನ ಸ್ಪ್ರಾಕೆಟ್, ಅಂದರೆ ಎಂಜಿನ್ನಿನ ಬಳಿ ಚೈನನ್ನು ಎಳೆಯುವ ಹಲ್ಲಿನ ಚಕ್ರ, ಇದ್ದಷ್ಟು ದಿನವೂ ನನ್ನ ಹಿಮಾಲಯನ್ 411 ಬೈಕು ಆ ಮೆಟ್ಟಿಲಿನ ಬುಡದಲ್ಲಿ ಒಂದೋ ಆಫ್ ಆಗುತ್ತಿತ್ತು, ಇಲ್ಲವೇ ನಾನು ಕ್ಲಚ್ಚನ್ನು ಅರ್ಧ ಹಿಡಿದು, ರೇಸ್ ಕೊಟ್ಟು, ಹೇಗೋ ಹತ್ತಿಸುತ್ತಿದ್ದೆ. ಮೇಲೆ ಕಣದ ಹತ್ತಿರ ಗಾಡಿ ನಿಲ್ಲಿಸುವ ಹೊತ್ತಿಗೆ ಎಂಜಿನ್ನಿನ ಕಾವು ಮೊಣಕಾಲಿಗೆ ಹೊಡೆಯುತ್ತಿತ್ತು. ಕ್ಲಚ್ ಪ್ಲೇಟುಗಳು ಬಿಸಿಯಾಗಿ, ಲಿವರಿನ ಹಿಡಿತ ಬೆಳಿಗ್ಗೆ ಇದ್ದಂತೆ ಇರುತ್ತಿರಲಿಲ್ಲ. ಈಗ ಎರಡು ಮಳೆಗಾಲಗಳಿಂದ ಅದೇ ಗಾಡಿಗೆ 14 ಹಲ್ಲಿನ ಮುಂದಿನ ಸ್ಪ್ರಾಕೆಟ್ ಹಾಕಿಕೊಂಡು ಅದೇ ದಾರಿಯಲ್ಲಿ ಓಡಾಡುತ್ತಿದ್ದೇನೆ. ಒಂದು ಹಲ್ಲಿನ ವ್ಯತ್ಯಾಸ ಏನು ಕೊಟ್ಟಿತು, ಏನು ಕಿತ್ತುಕೊಂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

411 ಹಳೆಯ ಗಾಡಿಯಾಯಿತಲ್ಲ, ಅದರ ಮಾತು ಈಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ರಾಯಲ್ ಎನ್‌ಫೀಲ್ಡ್ ಈ ಗಾಡಿಯನ್ನು 2016ರಲ್ಲಿ ಮಾರುಕಟ್ಟೆಗೆ ತಂದಿತು. 2023ರ ನವೆಂಬರಿನಲ್ಲಿ 452 ಸಿಸಿ ಎಂಜಿನ್ನಿನ, ಆರು ಗೇರುಗಳ ಹೊಸ ಹಿಮಾಲಯನ್ ಬಂದು ಇದರ ಜಾಗ ಹಿಡಿಯಿತು. ಹೊಸದು ಬಂದ ಮೇಲೆ ಹಳೆಯವು ಒಳ್ಳೆಯ ಬೆಲೆಗೆ ಕೈ ಬದಲಾಗುತ್ತಿವೆ, ಮಲೆನಾಡಿನ ತೋಟಗಳಲ್ಲೂ ಅವು ಕಾಣಿಸಿಕೊಳ್ಳುತ್ತಿವೆ. ಕಾಡುದಾರಿಗೆಂದೇ ಇದನ್ನು ಕೊಂಡವರು ನನ್ನಲ್ಲಿ ಮೊದಲು ಕೇಳುವುದು ಸೈಲೆನ್ಸರ್ ಯಾವುದು ಹಾಕಲಿ, ಟೈರ್ ಯಾವುದು ಹಾಕಲಿ ಎಂದು. ಸೈಲೆನ್ಸರಿಗೆ ಸುರಿಯುವ ದುಡ್ಡಿನ ಹತ್ತರಲ್ಲೊಂದು ಭಾಗವೂ ಬೇಡದ ಈ ಬದಲಾವಣೆಯನ್ನು ಯಾರೂ ಕೇಳುವುದಿಲ್ಲ ಎಂಬುದೇ ನನ್ನನ್ನು ಬರೆಯಲು ಕೂರಿಸಿದ್ದು.

ಮೊದಲು ಗಾಡಿಯ ಸ್ವಭಾವವನ್ನು ಹೇಳಬೇಕು. ಇದರದ್ದು ಉದ್ದ ಸ್ಟ್ರೋಕಿನ ಒಂಟಿ ಸಿಲಿಂಡರ್. ಸುಮಾರು 24 ಅಶ್ವಶಕ್ತಿ 6,500 ಆರ್‌ಪಿಎಂನಲ್ಲಿ (ಎಂಜಿನ್ನು ನಿಮಿಷಕ್ಕೆ ಸುತ್ತುವ ಸುತ್ತು) ಸಿಕ್ಕರೆ, 32 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) 4,000ದಿಂದ 4,500ರ ನಡುವೆ ಸಿಗುತ್ತದೆ. ಬಿಎಸ್6, ಅಂದರೆ 2020ರ ಹೊಗೆ ನಿಯಮಕ್ಕೆ ಹೊಂದುವ ಗಾಡಿಯ ತೂಕ ಪೆಟ್ರೋಲ್ ಸೇರಿ 199 ಕೆ.ಜಿ. ಅದರ ಮೇಲೆ ನಾವು, ನಮ್ಮ ಚೀಲ, ಮಳೆಯಂಗಿ. ಇರುವ ಐದೇ ಗೇರುಗಳು ಹಾಸನದ ನಾಲ್ಕು ಪಥದ ಹೆದ್ದಾರಿಗೂ ಸಾಕಾಗಬೇಕು, ತೋಟದ ಏರಿಗೂ ಸಾಕಾಗಬೇಕು. ಹೀಗಾಗಿ ಕಂಪನಿಯವರು ಮುಂದೆ 15, ಹಿಂದೆ 38 ಹಲ್ಲು ಇಟ್ಟು ಎರಡಕ್ಕೂ ನಡುವಿನ ಒಂದು ದಾರಿ ಹಿಡಿದಿದ್ದಾರೆ. ವಾರವಿಡೀ ಊರೊಳಗೆ ಓಡಿಸಿ, ವರ್ಷಕ್ಕೊಮ್ಮೆ ಲಡಾಖಿಗೆ ಹೋಗಿ ಬರುವವರಿಗೆ ಆ ಲೆಕ್ಕ ಸರಿಯಾಗಿಯೇ ಇದೆ. ನಡಿಗೆಯ ವೇಗದಲ್ಲಿ ಕಲ್ಲು, ಕೆಸರು, ಬೇರುಗಳ ಮೇಲೆ ಗಾಡಿಯನ್ನು ಹತ್ತಿಸಬೇಕಾದವರಿಗೆ ಮಾತ್ರ ಆ ಗೇರಿಂಗು ಸ್ವಲ್ಪ ಉದ್ದವಾಯಿತು, ಅಂದರೆ ವೇಗ ಹೆಚ್ಚು, ಎಳೆತ ಕಡಿಮೆ.

ಲೆಕ್ಕ ಬಹಳ ಸರಳ. ಹಿಂದಿನ ಹಲ್ಲುಗಳನ್ನು ಮುಂದಿನ ಹಲ್ಲುಗಳಿಂದ ಭಾಗಿಸಿದರೆ ಕೊನೆಯ ಗೇರ್ ಅನುಪಾತ ಸಿಗುತ್ತದೆ. 38ನ್ನು 15ರಿಂದ ಭಾಗಿಸಿದರೆ 2.53; 14ರಿಂದ ಭಾಗಿಸಿದರೆ 2.71. ಅಂದರೆ ಹಿಂದಿನ ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಎಂಜಿನ್ ಮೊದಲಿಗಿಂತ ಸುಮಾರು ಶೇ 7ರಷ್ಟು ಹೆಚ್ಚು ಸುತ್ತುತ್ತದೆ, ಪ್ರತಿ ಗೇರಿನಲ್ಲೂ ಚಕ್ರಕ್ಕೆ ಶೇ 7ರಷ್ಟು ಹೆಚ್ಚು ಎಳೆತ ಸಿಗುತ್ತದೆ. 32 ನ್ಯೂಟನ್ ಮೀಟರಿನ ಎಂಜಿನ್ನು 34 ಕೊಟ್ಟಂತೆ ಎಳೆಯುತ್ತದೆ ಎಂದರೆ ಅಂದಾಜು ಸಿಕ್ಕೀತು. ಎಂಜಿನ್ನಿನ ಶಕ್ತಿ ಇದರಿಂದ ಒಂದು ಚೂರೂ ಹೆಚ್ಚುವುದಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅಂಗಡಿಗಳಲ್ಲಿ ‘ಪಿಕಪ್ ಜಾಸ್ತಿ ಆಗುತ್ತೆ’ ಎಂದು ಹೇಳಿ ಮಾರುವಾಗ ಕೇಳುವವರಿಗೆ ಶಕ್ತಿಯೇ ಹೆಚ್ಚಿದಂತೆ ಭಾಸವಾಗುತ್ತದೆ. ಇಲ್ಲಿ ನಡೆಯುವುದು ವಿನಿಮಯ ಮಾತ್ರ: ವೇಗವನ್ನು ಕೊಟ್ಟು ಎಳೆತವನ್ನು ಪಡೆಯುತ್ತೇವೆ.

ಇದೇ ಫಲವನ್ನು ಹಿಂದಿನ ಸ್ಪ್ರಾಕೆಟ್ ದೊಡ್ಡದು ಮಾಡಿಯೂ ಪಡೆಯಬಹುದು. ಹಿಂದೆ ಒಂದು ಹಲ್ಲು ಹೆಚ್ಚಿದರೆ ಅನುಪಾತ ಸುಮಾರು ಶೇ 2.6ರಷ್ಟು ಬದಲಾಗುತ್ತದೆ, ಆದ್ದರಿಂದ ಮುಂದಿನ ಒಂದು ಹಲ್ಲು ಹಿಂದಿನ ಹೆಚ್ಚುಕಡಿಮೆ ಮೂರು ಹಲ್ಲುಗಳಿಗೆ ಸಮ. 41 ಹಲ್ಲಿನ ಹಿಂದಿನ ಸ್ಪ್ರಾಕೆಟ್ ಹಾಕಿದರೆ ಚೈನು ಒಂದೂವರೆ ಕೊಂಡಿಯಷ್ಟು ಹೆಚ್ಚು ಬೇಕಾಗುತ್ತದೆ. ಚಕ್ರವನ್ನು ಸುಮಾರು 12 ಮಿ.ಮೀ. ಮುಂದಕ್ಕೆ ಎಳೆದುಕೊಳ್ಳಬೇಕು, ಅಷ್ಟು ಜಾಗ ಇಲ್ಲದಿದ್ದರೆ ಉದ್ದದ ಚೈನನ್ನೇ ಕೊಳ್ಳಬೇಕು. ಮುಂದೆ ಒಂದು ಹಲ್ಲು ಕಡಿಮೆ ಮಾಡಿದರೆ ಚೈನು ಸಡಿಲವಾಗುತ್ತದೆ, ಆಕ್ಸಲನ್ನು ಬರೀ 4 ಮಿ.ಮೀ. ಹಿಂದಕ್ಕೆ ಸರಿಸಿದರೆ ಬಿಗಿಯಾಗುತ್ತದೆ, ಇದ್ದ ಚೈನೇ ಸಾಕು. ಬೆಲೆ, ಕೆಲಸ, ಸಮಯ ಮೂರರಲ್ಲೂ ಮುಂದಿನದೇ ಹಗುರ. ಆದರೆ ಚೈನಿನ ಆಯುಷ್ಯದ ದೃಷ್ಟಿಯಿಂದ ಹಿಂದಿನದು ಒಳ್ಳೆಯದು. ಆ ಮಾತಿಗೆ ಮುಂದೆ ಬರುತ್ತೇನೆ.

ಕೊಳ್ಳುವಾಗ ನಾನು ಒಮ್ಮೆ ಎಡವಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿಗಳಿಗೆ ಬರವಿಲ್ಲ. ಅಲ್ಲಿನ ಒಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ, ತಯಾರಕರ ಗುರುತೇ ಇಲ್ಲದ 14 ಹಲ್ಲಿನ ಒಂದು ಸ್ಪ್ರಾಕೆಟ್ಟನ್ನು ಅಗ್ಗವೆಂದು ತಂದುಬಿಟ್ಟೆ. ಶಾಫ್ಟಿನ ಮೇಲೆ ಕೂರಿಸಿದಾಗಲೇ ಅದು ಬೆರಳಿಗೆ ಅಲ್ಲಾಡುತ್ತಿತ್ತು. ಚೈನು ಹಾಕಿದರೆ ಸರಿಯಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡು ಸಾವಿರ ಕಿಲೋಮೀಟರು ಮುಟ್ಟುವ ಮೊದಲೇ ಹಲ್ಲುಗಳ ಒಂದು ಪಕ್ಕ ಸವೆದು ಕೊಕ್ಕೆಯಂತೆ ಬಾಗಿದವು, ಚೈನು ಪ್ರತಿ ಸುತ್ತಿಗೊಮ್ಮೆ ಬಿಗಿದು ಸಡಿಲವಾಗತೊಡಗಿತು. ವಾಪಸು ಒಯ್ದರೆ ಅಂಗಡಿಯವರು ‘ಹಾಕಿದ್ ಮಾಲು ತಗೊಳಲ್ಲ ಸಾರ್’ ಎಂದರು. ಅವರ ಮೇಲೆ ಸಿಟ್ಟು ಬಂದದ್ದು ನಿಜ, ಆದರೆ ಅದಕ್ಕಿಂತ ಹೆಚ್ಚಿನ ನೋವು ಆ ಕಚ್ಚಾ ಲೋಹ ನನ್ನ ಒಳ್ಳೆಯ ಚೈನನ್ನೂ ಜೊತೆಗೆ ಹಾಳುಮಾಡಿತಲ್ಲ ಎಂಬುದು. ಹಲ್ಲುಗಳಿಗೆ ಸರಿಯಾಗಿ ಶಾಖ ಕೊಟ್ಟು ಗಡುಸು ಮಾಡದಿದ್ದರೆ ಹೀಗೇ ಆಗುತ್ತದೆ, ಅದು ಹೊರನೋಟಕ್ಕೆ ಕಾಣುವುದೂ ಇಲ್ಲ.

ಎರಡನೆಯ ಸಲ ಹಳೆಯ 15 ಹಲ್ಲಿನದನ್ನು ಬಟ್ಟೆಯಲ್ಲಿ ಸುತ್ತಿ ಅಂಗಡಿಗೇ ಒಯ್ದೆ. ಎರಡನ್ನೂ ಗಾಜಿನ ಮೇಲೆ ಮಲಗಿಸಿ ದಪ್ಪ ಹೋಲಿಸಿದೆ, ಒಳಗಿನ ಕಚ್ಚುಗಳನ್ನು, ಅಂದರೆ ಶಾಫ್ಟಿಗೆ ಕೂರುವ ಸ್ಪ್ಲೈನುಗಳನ್ನು, ಎಣಿಸಿದೆ. ಹಿಂಬದಿಯ ಬಾಸಿನ (ನಡುವಿನ ಉಬ್ಬು ಭಾಗ) ಎತ್ತರವನ್ನು ವರ್ನಿಯರಿನಿಂದ ಅಳೆಯಿಸಿದೆ. ಆ ಎತ್ತರ ಅರ್ಧ ಮಿಲಿಮೀಟರು ಹೆಚ್ಚುಕಡಿಮೆಯಾದರೂ ಮುಂದಿನ ಮತ್ತು ಹಿಂದಿನ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ಚೈನು ಓರೆಯಾಗಿ ಓಡುತ್ತದೆ. ಒಂದು ಅರ ತೆಗೆದುಕೊಂಡು ಹಲ್ಲಿನ ತುದಿಯನ್ನು ಮೆಲ್ಲಗೆ ಉಜ್ಜಿ ನೋಡುವ ಅಭ್ಯಾಸವನ್ನು ಹಳೆಯ ಮೆಕ್ಯಾನಿಕ್ಕರೊಬ್ಬರು ಹೇಳಿಕೊಟ್ಟಿದ್ದರು: ಅರ ಜಾರಿದರೆ ಲೋಹ ಗಡುಸು, ಕಚ್ಚಿದರೆ ಮೆದು. ಅಂಗಡಿಯವರು ಒಪ್ಪಿದರೆ ಮಾಡಿ ನೋಡಿ. ಈ ಎರಡನೆಯದಕ್ಕೆ ನಾನು ಕೊಟ್ಟದ್ದು 650 ರೂಪಾಯಿ. ಹನ್ನೊಂದು ಸಾವಿರ ಕಿಲೋಮೀಟರು ಆದ ಮೇಲೂ ಅದರ ಹಲ್ಲುಗಳು ಎರಡು ಪಕ್ಕವೂ ಸಮನಾಗಿವೆ.

ಹಾಕುವ ಕೆಲಸವನ್ನು ಹಾಸನದಲ್ಲಿ ನಾನು ನಂಬಿಕೊಂಡಿರುವ ಗ್ಯಾರೇಜಿನಲ್ಲಿ ಎದುರಿಗೇ ಕೂತು ಮಾಡಿಸಿದೆ. ಎಡಭಾಗದ ಸ್ಪ್ರಾಕೆಟ್ ಕವರ್ ಬಿಚ್ಚಿದಾಗ ಒಳಗೆ ಕಂಡದ್ದು ಕರೀ ಮೇಣದಂತೆ ಗಟ್ಟಿಯಾಗಿದ್ದ ಚೈನ್ ಲ್ಯೂಬು, ಕೆಂಪು ಮಣ್ಣು, ಒಣಗಿದ ಹುಲ್ಲು ಸೇರಿದ ಒಂದು ಮುದ್ದೆ. ಮೆಕ್ಯಾನಿಕ್ ಅದನ್ನು ಸ್ಕ್ರೂಡ್ರೈವರಿನ ತುದಿಯಿಂದ ಕೆರೆದು ತೆಗೆದು, ಡೀಸೆಲ್ಲಿನಲ್ಲಿ ಅದ್ದಿದ ಬ್ರಶ್ಶಿನಿಂದ ತೊಳೆದು, ಶಾಫ್ಟಿನ ಸುತ್ತ ಬೆರಳಾಡಿಸಿ ಆಯಿಲ್ ಸೀಲ್ ಒಸರುತ್ತಿದೆಯೇ ಎಂದು ನೋಡಿದರು. ‘ಇದನ್ನ ತೊಳೀದೆ ಹೊಸದು ಕೂರ್ಸಿದ್ರೆ ಸೀಲ್ ಹೋಗಿದ್ರೂ ಗೊತ್ತಾಗಲ್ಲ ಸಾರ್’ ಎಂದರು. ಲಾಕಿನ ಬೋಲ್ಟುಗಳನ್ನು ಸಡಿಲಿಸುವಾಗ ಚೈನು ಇನ್ನೂ ಮೇಲೆಯೇ ಇರಬೇಕು, ಮತ್ತೊಬ್ಬರು ಹಿಂದಿನ ಬ್ರೇಕನ್ನು ತುಳಿದು ಹಿಡಿದಿರಬೇಕು. ಇಲ್ಲದಿದ್ದರೆ ಶಾಫ್ಟು ತಿರುಗುತ್ತದೆ. ಆ ಬ್ರೇಕು ತುಳಿಯುವ ಕೆಲಸ ನನ್ನದಾಗಿತ್ತು. ಆಮೇಲೆ ಹಿಂದಿನ ಆಕ್ಸಲ್ ಸಡಿಲಿಸಿ, ಚಕ್ರವನ್ನು ಮುಂದಕ್ಕೆ ತಳ್ಳಿ, ಚೈನಿಗೆ ಸಡಿಲ ಕೊಟ್ಟು, ಹಳೆಯದನ್ನು ಎಳೆದು ಹೊಸದನ್ನು ಕೂರಿಸಿದರು. ಬೋಲ್ಟುಗಳಿಗೆ ಒಂದೊಂದು ಹನಿ ಥ್ರೆಡ್‌ಲಾಕ್ ಹಾಕಿ ಬಿಗಿದರು. ಗಾಡಿಗೆ ಸೆಂಟರ್ ಸ್ಟ್ಯಾಂಡ್ ಇರುವುದರಿಂದ ಇಡೀ ಕೆಲಸ ಒಂದು ಗಂಟೆಯೊಳಗೆ ಮುಗಿಯಿತು.

ಚೈನಿನ ಸಡಿಲ ಅಳೆಯುವ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿಂದಿನ ಸಸ್ಪೆನ್ಷನ್ 180 ಮಿ.ಮೀ. ಮೇಲೆ ಕೆಳಗೆ ಚಲಿಸುವ ಗಾಡಿಯಿದು. ಸ್ಪ್ರಾಕೆಟ್ಟಿನ ಮಧ್ಯ, ಸ್ವಿಂಗ್ ಆರ್ಮಿನ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಕೀಲು, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಹೆಚ್ಚು ಬಿಗಿಯಾಗುತ್ತದೆ. ಸ್ಟ್ಯಾಂಡಿನ ಮೇಲೆ ಚಕ್ರ ನೇತಾಡುತ್ತಿರುವಾಗ ಅಂದವಾಗಿ ಬಿಗಿದ ಚೈನು, ಹಳ್ಳಕ್ಕೆ ಧುಮುಕಿ ಸಸ್ಪೆನ್ಷನ್ ಒತ್ತಿಕೊಂಡಾಗ ಕಬ್ಬಿಣದ ಸರಳಿನಂತೆ ಸೆಟೆದು ಶಾಫ್ಟಿನ ಬೇರಿಂಗನ್ನೇ ತಿನ್ನುತ್ತದೆ. ಮ್ಯಾನುಯಲ್ಲಿನಲ್ಲಿ ಕೊಟ್ಟಿರುವ ಸಡಿಲವನ್ನು ಬಿಟ್ಟ ಮೇಲೆ, ಇಬ್ಬರು ಸೀಟಿನ ಮೇಲೆ ಭಾರ ಹಾಕಿ ಕೂತು ಇನ್ನೊಮ್ಮೆ ಕೈಯಿಟ್ಟು ನೋಡುವುದು ಒಳ್ಳೆಯದು. ಕಾಡುದಾರಿಗೆ ಚೈನು ಕೊಂಚ ಸಡಿಲವಿದ್ದರೂ ನಡೆದೀತು, ಬಿಗಿಯಿರಲೇಬಾರದು.

ಇನ್ನು ಓಡಿಸಿದ ಅನುಭವ. ಆ ಶನಿವಾರ ಹಳ್ಳ ದಾಟಿ ಏರು ಹಿಡಿದಾಗ ಮೊದಲನೆಯ ಗೇರಿನಲ್ಲಿ ವ್ಯತ್ಯಾಸ ಕಂಡಿತೇ ಎಂದರೆ, ಕಂಡಿತು, ಆದರೆ ನಾನು ನಿರೀಕ್ಷಿಸಿದಷ್ಟಲ್ಲ. ಮೊದಲು 10 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ಗಾಡಿ ಅದೇ ಆರ್‌ಪಿಎಂನಲ್ಲಿ ಈಗ 9.3 ಕಿ.ಮೀ. ವೇಗದಲ್ಲಿ ಹೋಗುತ್ತದೆ, ಅಷ್ಟೇ. ತಿರುವಿನ ಬಂಡೆಯ ಮೆಟ್ಟಿಲನ್ನು ಕ್ಲಚ್ಚಿಗೆ ಒಂದೇ ಒಂದು ಸಲ ಬೆರಳು ಮುಟ್ಟಿಸಿ ಹತ್ತಿದೆ, ಆಫ್ ಆಗಲಿಲ್ಲ. ಆದರೆ ನಿಜವಾದ ಲಾಭ ನನಗೆ ಸಿಕ್ಕಿದ್ದು ಎರಡನೆಯ ಗೇರಿನಲ್ಲಿ, ಮತ್ತು ಈ ವಿಮರ್ಶೆಯಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತೂ ಅದೇ.

15 ಹಲ್ಲಿದ್ದಾಗ ತೋಟದ ದಾರಿಯಲ್ಲಿ ಎರಡನೆಯ ಗೇರು ಇದ್ದೂ ಇಲ್ಲದಂತಿತ್ತು. ಗಂಟೆಗೆ 15–18 ಕಿ.ಮೀ. ವೇಗದಲ್ಲಿ ಎರಡನೆಯ ಗೇರಿಗೆ ಹಾಕಿದರೆ ಎಂಜಿನ್ನು ಕುಟ್ಟುತ್ತಾ, ಚೈನು ಜಗ್ಗುತ್ತಾ, ಈಗ ನಿಂತಿತೋ ಆಗ ನಿಂತಿತೋ ಎನ್ನುವಂತೆ ತೆವಳುತ್ತಿತ್ತು. ಹಾಗಾಗಿ ಸದಾ ಮೊದಲನೆಯ ಗೇರಿನಲ್ಲೇ ಇರಬೇಕಾಗಿತ್ತು. ಮೊದಲನೆಯ ಗೇರಿನಲ್ಲಿ ಆಕ್ಸಿಲರೇಟರ್ ತೀರಾ ಚುರುಕು. ಕಲ್ಲಿನ ಮೇಲೆ ಮೈ ಕುಲುಕಿ ಮುಂಗೈ ಒಂದಿಷ್ಟು ತಿರುಗಿದರೂ ಗಾಡಿ ಮುಂದಕ್ಕೆ ಚಿಮ್ಮುತ್ತದೆ, ಒದ್ದೆ ಮಣ್ಣಿನಲ್ಲಿ ಹಿಂದಿನ ಚಕ್ರ ಅಲ್ಲೇ ಗಿರಗಿರನೆ ತಿರುಗಿ ಗುಂಡಿ ತೋಡಿಕೊಳ್ಳುತ್ತದೆ. 14 ಹಲ್ಲು ಬಂದ ಮೇಲೆ ಅದೇ 15–18 ಕಿ.ಮೀ. ವೇಗದಲ್ಲಿ ಎರಡನೆಯ ಗೇರು ಉಸಿರು ಕಟ್ಟದೆ ಎಳೆಯುತ್ತದೆ. ಎಳೆತ ನಯವಾಗಿರುತ್ತದೆ, ಮುಂಗೈ ಹೆಚ್ಚುಕಡಿಮೆಯಾದರೂ ಗಾಡಿ ಹೌಹಾರುವುದಿಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ, ಸಿಲ್ವರ್ ಓಕಿನ ಎಲೆ ಕೊಳೆತು ಸೋಪಿನಂತೆ ಜಾರುವ ಮಣ್ಣಿನ ಮೇಲೆ, ಪೆಗ್ಗಿನ (ಕಾಲಿಡುವ ಕಡ್ಡಿ) ಮೇಲೆ ನಿಂತು ಎರಡನೆಯ ಗೇರಿನಲ್ಲಿ ಏರಿದ ದಿನ ನನಗೆ ಈ ಗಾಡಿ ಅರ್ಥವಾಯಿತು ಎನ್ನಬಹುದು. ಎಳೆತ ಹೆಚ್ಚಾದದ್ದಕ್ಕಿಂತ, ಬಳಸಲಾಗದೆ ಬಿದ್ದಿದ್ದ ಒಂದು ಗೇರು ಬಳಕೆಗೆ ಬಂದದ್ದು ದೊಡ್ಡ ವಿಷಯ. ನಮ್ಮ ಭಾವನವರು ಮೆಟ್ಟಿಲಿನ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದವರು, ‘ಇವತ್ತು ಸದ್ದೇ ಇಲ್ವಲ್ಲೋ, ಹೊಸಾ ಗಾಡಿ ತಗೊಂಡ್ಯಾ?’ ಎಂದು ಕೇಳಿದರು. ರೇಸ್ ಕೊಡದೆ ಏರಿದ್ದು ಅವರ ಕಿವಿಗೂ ತಿಳಿದಿತ್ತು.

ಇಳಿಜಾರಿನಲ್ಲೂ ಲಾಭವಿದೆ, ಅದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಎಂಜಿನ್ನು ಗಾಡಿಯನ್ನು ಹಿಂದಕ್ಕೆ ಹಿಡಿಯುವ ಬಲವೂ ಅದೇ ಅನುಪಾತದಲ್ಲಿ ಹೆಚ್ಚುತ್ತದೆ. ಕಡಿದಾದ ಇಳಿಜಾರಿನಲ್ಲಿ ಮೊದಲನೆಯ ಗೇರಿಗೆ ಹಾಕಿ, ಹಿಂದಿನ ಬ್ರೇಕನ್ನು ಸುಮ್ಮನೆ ತಾಗಿಸಿಕೊಂಡು, ಮುಂದಿನ ಬ್ರೇಕಿನ ಹಂಗಿಲ್ಲದೆ ಇಳಿಯಬಹುದು. 2020ರ ಬಿಎಸ್6 ಗಾಡಿಗಳಲ್ಲಿ ಹಿಂದಿನ ಚಕ್ರದ ಎಬಿಎಸ್ (ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಆರಿಸುವ ಸ್ವಿಚ್ ಇದೆ. ಮಣ್ಣಿನ ಇಳಿಜಾರಿನಲ್ಲಿ ಅದನ್ನು ಆರಿಸಿ, ಈ ಗೇರಿಂಗಿನೊಂದಿಗೆ ಇಳಿದರೆ ಗಾಡಿ ಮಾತು ಕೇಳುತ್ತದೆ.

ಇಷ್ಟಾದ ಮೇಲೆ ಕಳೆದುಕೊಂಡದ್ದನ್ನು ಹೇಳದಿದ್ದರೆ ಅನ್ಯಾಯವಾದೀತು. ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ.; ಬಹುಪಾಲು ರಾಷ್ಟ್ರೀಯ ಹೆದ್ದಾರಿ 75. ಮೊದಲು ಐದನೆಯ ಗೇರಿನಲ್ಲಿ ಗಂಟೆಗೆ 80 ಕಿ.ಮೀ.ಗೆ ಆರ್‌ಪಿಎಂ ಮುಳ್ಳು ಸುಮಾರು 4,000ದ ಹತ್ತಿರ ನಿಲ್ಲುತ್ತಿತ್ತು, ಈಗ 4,300ರ ಹತ್ತಿರ ನಿಲ್ಲುತ್ತದೆ. ಒಂದು ಕಿಲೋಮೀಟರಿಗೆ ಎಂಜಿನ್ನು ಇನ್ನೂರಕ್ಕೂ ಹೆಚ್ಚು ಸುತ್ತು ಹೆಚ್ಚುವರಿಯಾಗಿ ಸುತ್ತುತ್ತದೆ. ತೋಟ ಮುಟ್ಟುವ ಹೊತ್ತಿಗೆ ಅದು ಸುಮಾರು 47,000 ಸುತ್ತಾಯಿತು. ಮೊದಲು 95ರಲ್ಲಿ ಆರಾಮವಾಗಿ ಹೋಗುತ್ತಿದ್ದವನು ಈಗ 85ರಲ್ಲಿ ಹೋಗುತ್ತೇನೆ, ಅದಕ್ಕಿಂತ ಮೇಲೆ ಹ್ಯಾಂಡಲ್ ಮತ್ತು ಪೆಗ್ಗಿನಲ್ಲಿ ಜುಮ್ಮೆನ್ನುವ ಕಂಪನ ಬೆರಳುಗಳನ್ನು ಮರಗಟ್ಟಿಸುತ್ತದೆ. ಮೈಲೇಜು ಹೆದ್ದಾರಿಯಲ್ಲಿ ಲೀಟರಿಗೆ 33ರಿಂದ 31ಕ್ಕೆ ಇಳಿದಿದೆ. ಆದರೆ ಹೆದ್ದಾರಿಯ ಏರುಗಳಲ್ಲಿ, ಹಿಂದೆ ಒಬ್ಬರು ಕೂತಿದ್ದಾಗ, ಮೊದಲಿನಂತೆ ನಾಲ್ಕನೆಯ ಗೇರಿಗೆ ಇಳಿಸಬೇಕಾಗಿಲ್ಲ. ಶಿರಾಡಿ ಘಾಟಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆಯೇ ಎಂದು ಜಿಪಿಎಸ್ ಜೊತೆ ಹೋಲಿಸಿದೆ. ಮೊದಲು ಇದ್ದಷ್ಟೇ ವ್ಯತ್ಯಾಸವಿದೆ, ಹೆಚ್ಚಾಗಿಲ್ಲ. ವೇಗವನ್ನು ಚಕ್ರದಿಂದ ಅಳೆಯುವ ಗಾಡಿಗಳಿಗೆ ಈ ತೊಂದರೆಯಿಲ್ಲ. ಗೇರ್ ಬಾಕ್ಸಿನ ಶಾಫ್ಟಿನಿಂದ ಅಳೆಯುವ ಗಾಡಿಗಳಲ್ಲಿ ಇದೇ ಬದಲಾವಣೆ ಮಾಡಿದರೆ ಮೀಟರು ಶೇ 7ರಷ್ಟು ಹೆಚ್ಚು ತೋರಿಸುತ್ತದೆ, ಓಡಿದ ದೂರವೂ ಹಾಗೆಯೇ ಉಬ್ಬುತ್ತದೆ.

ಈಗ ಚೈನಿನ ಮಾತು. ಹದಿನೈದು ಹಲ್ಲಿನ ಮೇಲೆ ಸುತ್ತುವಾಗ ಚೈನಿನ ಪ್ರತಿ ಕೊಂಡಿ 24 ಡಿಗ್ರಿ ಮಡಿಯುತ್ತದೆ, ಹದಿನಾಲ್ಕರ ಮೇಲೆ 25.7 ಡಿಗ್ರಿ, ಹದಿಮೂರರ ಮೇಲೆ 27.7 ಡಿಗ್ರಿ. ಹೆಚ್ಚು ಮಡಿದಷ್ಟೂ ಪಿನ್ನು ಮತ್ತು ಬುಷ್ಷಿನ ನಡುವೆ ಉಜ್ಜಾಟ ಹೆಚ್ಚು. ಎಳೆತ ಕಡಿಮೆ ಹಲ್ಲುಗಳ ಮೇಲೆ ಹಂಚಿಹೋಗುವುದರಿಂದ ಪ್ರತಿ ಹಲ್ಲಿಗೂ ಭಾರ ಹೆಚ್ಚು. ಸ್ಪ್ರಾಕೆಟ್ಟಿನ ವ್ಯಾಸ ಸುಮಾರು 5 ಮಿ.ಮೀ. ಕಡಿಮೆಯಾಗುವುದರಿಂದ ಮೇಲಿನ ಚೈನು ಎರಡೂವರೆ ಮಿಲಿಮೀಟರು ಕೆಳಗಿಳಿದು, ಸ್ವಿಂಗ್ ಆರ್ಮಿನ ಮೇಲಿರುವ ರಬ್ಬರ್ ಪಟ್ಟಿಗೆ ಅಷ್ಟರಮಟ್ಟಿಗೆ ಹತ್ತಿರವಾಗುತ್ತದೆ. ಆ ಪಟ್ಟಿಯನ್ನು ಪ್ರತಿ ಸರ್ವೀಸಿನಲ್ಲಿ ನೋಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ, ಅದು ಸವೆದು ತೂತಾದರೆ ಚೈನು ಸ್ವಿಂಗ್ ಆರ್ಮನ್ನೇ ಗರಗಸದಂತೆ ಕೊಯ್ಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ, ನನಗೆ ಇಂಥದ್ದರಲ್ಲಿ ಬಹಳ ಆಸಕ್ತಿ. ಚೈನಿನಲ್ಲಿ ಒಳಗಿನ ಮತ್ತು ಹೊರಗಿನ ಕೊಂಡಿಗಳು ಒಂದಾದ ಮೇಲೊಂದು ಬರುತ್ತವೆ, ಒಟ್ಟು ಸಂಖ್ಯೆ ಸಮವಾಗಿರುತ್ತದೆ. ಸ್ಪ್ರಾಕೆಟ್ಟಿನ ಹಲ್ಲು 15 ಇದ್ದರೆ, ಒಂದು ಸುತ್ತಿನಲ್ಲಿ ಒಳಗಿನ ಕೊಂಡಿಯನ್ನು ಹಿಡಿದ ಹಲ್ಲು ಮುಂದಿನ ಸುತ್ತಿನಲ್ಲಿ ಹೊರಗಿನದನ್ನು ಹಿಡಿಯುತ್ತದೆ; ಸವೆತ ಎಲ್ಲ ಹಲ್ಲುಗಳಿಗೂ ಹಂಚಿಹೋಗುತ್ತದೆ. 14 ಆದಾಗ ಹಾಗಲ್ಲ: ಒಳಗಿನ ಕೊಂಡಿ ಹಿಡಿದ ಹಲ್ಲಿಗೆ ಆಯುಷ್ಯವಿಡೀ ಒಳಗಿನದೇ ಗತಿ. ಅದಕ್ಕೇ ಐದು ಸಾವಿರ ಕಿಲೋಮೀಟರಿಗೊಮ್ಮೆ ಕವರ್ ಬಿಚ್ಚಿ ತೊಳೆಯುವಾಗ ಚೈನನ್ನು ಒಂದು ಹಲ್ಲಿನಷ್ಟು ಸರಿಸಿ ಮತ್ತೆ ಕೂರಿಸುತ್ತೇನೆ. ಐದು ನಿಮಿಷದ ಕೆಲಸ, ಖರ್ಚೇನೂ ಇಲ್ಲ.

ಸವೆದ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಬೇಡಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ ಎಂದುಕೊಂಡಿದ್ದೆ, ಆದರೆ ಹಾಗೆ ಮಾಡಿಸಿಕೊಂಡು ಬಂದವರನ್ನು ನೋಡಿದ್ದೇನೆ. ಉದ್ದಕ್ಕೆ ಎಳೆದುಕೊಂಡ ಚೈನಿನ ಕೊಂಡಿಗಳು ಹೊಸ ಹಲ್ಲುಗಳ ಅಂತರಕ್ಕೆ ಹೊಂದುವುದಿಲ್ಲ. ಕೆಲವೇ ತಿಂಗಳಲ್ಲಿ ಹೊಸದನ್ನೂ ತಮ್ಮ ಅಳತೆಗೆ ಸವೆಸಿಕೊಳ್ಳುತ್ತವೆ. ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ ಚೈನನ್ನು ಬೆರಳಿನಿಂದ ಹಿಡಿದು ಹೊರಗೆಳೆಯಿರಿ. ಹಲ್ಲಿನ ಅರ್ಧದಷ್ಟು ಕಾಣಿಸಿದರೆ ಆ ಚೈನಿನ ಕಾಲ ಮುಗಿದಿದೆ, ಸೆಟ್ಟೇ ಬದಲಿಸಬೇಕು.

13 ಹಲ್ಲಿನದನ್ನು ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಗೆಳೆಯರೊಬ್ಬರು ಹಾಕಿಸಿದ್ದರು, ಅವರ ಗಾಡಿಯನ್ನು ಒಂದು ಭಾನುವಾರವಿಡೀ ಓಡಿಸಿದ್ದೇನೆ. ಅನುಪಾತ 2.92ಕ್ಕೆ ಏರುತ್ತದೆ, ಕಂಪನಿಯದ್ದಕ್ಕಿಂತ ಶೇ 15 ಹೆಚ್ಚು. ಮೊದಲನೆಯ ಗೇರು ಹೊರಡಿಸುವುದಕ್ಕೂ ಬೇಡವಾಗುತ್ತದೆ, ಹಾಕಿದ ಕ್ಷಣದಲ್ಲೇ ಮುಗಿದುಹೋಗುತ್ತದೆ. ಏರಿನಲ್ಲಿ ಅದ್ಭುತವೆನ್ನಿಸಿದರೂ ಊರಿಗೆ ಮರಳುವಾಗ 70ರ ಮೇಲೆ ಎಂಜಿನ್ನು ಗೋಳಿಡುತ್ತದೆ, ಚೈನು ಸಣ್ಣ ಸ್ಪ್ರಾಕೆಟ್ಟಿನ ಮೇಲೆ ಗರಗರ ಎನ್ನುತ್ತದೆ. ಟ್ರೈಲರಿನಲ್ಲಿ ಗಾಡಿ ಸಾಗಿಸುವವರಿಗೆ ಸರಿ. ಅದೇ ಗಾಡಿಯ ಮೇಲೆ ಕೂತು ಮನೆಗೆ ಬರಬೇಕಾದವರಿಗೆ ನಾನು ಅದನ್ನು ಹೇಳಲಾರೆ.

ಟೈರ್ ಬದಲಿಸುವವರೂ ಇದೇ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಿಂದಿನ 120/90-17ರ ಬದಲು 130/80-17 ಹಾಕಿದರೆ ಟೈರಿನ ವ್ಯಾಸ ಸುಮಾರು 8 ಮಿ.ಮೀ. ಕಡಿಮೆಯಾಗಿ, ಗೇರಿಂಗು ಇನ್ನೂ ಶೇ 1ಕ್ಕಿಂತ ಸ್ವಲ್ಪ ಹೆಚ್ಚು ಗಿಡ್ಡವಾಗುತ್ತದೆ. ಸಣ್ಣದೆನ್ನಿಸಬಹುದು, ಆದರೆ 14ರ ಜೊತೆ ಸೇರಿದರೆ ಹೆದ್ದಾರಿಯಲ್ಲಿ ಕೈಗೆ ತಿಳಿಯುತ್ತದೆ.

ಯಾರಿಗೆ ಬೇಕು ಎಂದರೆ, ವಾರಕ್ಕೊಮ್ಮೆಯಾದರೂ ಮಣ್ಣುದಾರಿ ತುಳಿಯುವವರಿಗೆ, ತೋಟ–ಗದ್ದೆಗಳ ದಾರಿಯಲ್ಲಿ ದಿನವೂ ಓಡಾಡುವವರಿಗೆ, ಕುಳ್ಳಗಿದ್ದು ಕಾಲು ನೆಲಕ್ಕೆ ಪೂರ್ತಿ ಎಟುಕದವರಿಗೆ. ಈ ಕೊನೆಯವರಿಗೆ ಗಾಡಿ ಆಫ್ ಆಗುವುದೆಂದರೆ ಬೀಳುವುದೇ, ಆದ್ದರಿಂದ ಅವರಿಗೆ ಇದು ಎಲ್ಲರಿಗಿಂತ ಹೆಚ್ಚು ಉಪಯೋಗ. ವರ್ಷಕ್ಕೆರಡು ಸಲ ದೂರ ಪ್ರಯಾಣ ಮಾಡುತ್ತಾ ಡಾಂಬರು ಬಿಟ್ಟು ಇಳಿಯದವರು 15ರಲ್ಲೇ ಇರಲಿ. ಗೇರಿಂಗು ಸರಿಹೋಯಿತೆಂದು ಪಶ್ಚಿಮ ಘಟ್ಟದ ಹುಲ್ಲುಗಾವಲುಗಳ ಮೇಲೆ, ಶೋಲಾ ಕಾಡುಗಳೊಳಗೆ ಗಾಡಿ ನುಗ್ಗಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಒಂದು ಟೈರು ಕೊರೆದ ಜಾಡು ಒಂದೇ ಮಳೆಗಾಲದಲ್ಲಿ ಕೊರಕಲಾಗುವುದನ್ನು ನಾನು ನಮ್ಮ ಭಾವನವರ ತೋಟದ ಅಂಚಿನಲ್ಲೇ ಕಂಡಿದ್ದೇನೆ. ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ಹೋಗುವುದು ಅಪರಾಧವೂ ಹೌದು.

ನನ್ನ ಹಳೆಯ 15 ಹಲ್ಲಿನ ಸ್ಪ್ರಾಕೆಟ್ಟನ್ನು ಗ್ರೀಸ್ ಸವರಿ, ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಕಳೆದ ಡಿಸೆಂಬರಿನಲ್ಲಿ ಹಂಪಿಗೆ ಹೋಗುವ ಮುನ್ನ ಮನೆಯ ಅಂಗಳದಲ್ಲೇ ಅದನ್ನು ಹಾಕಿಕೊಂಡೆ, ಬಂದ ಮೇಲೆ ಮತ್ತೆ 14ಕ್ಕೆ ಮರಳಿದೆ. ಸ್ವಿಂಗ್ ಆರ್ಮಿನ ಮೇಲಿರುವ ಗುರುತಿನ ಗೆರೆಗಳ ಪಕ್ಕದಲ್ಲಿ ಎರಡು ಸ್ಪ್ರಾಕೆಟ್ಟುಗಳಿಗೂ ಆಕ್ಸಲ್ ಎಲ್ಲಿ ನಿಲ್ಲಬೇಕೆಂದು ಬಿಳೀ ಬಣ್ಣದಲ್ಲಿ ಚುಕ್ಕೆ ಹಾಕಿಕೊಂಡಿದ್ದೇನೆ, ಹಾಗಾಗಿ ಬದಲಿಸಲು ಮುಕ್ಕಾಲು ಗಂಟೆ ಸಾಕು. ಚೈನು ಸವೆಯುತ್ತಾ ಬಂದಂತೆ ಚುಕ್ಕೆಗಳೂ ಹಿಂದೆ ಸರಿಯುತ್ತವೆ. ಈಗಿನ ಚೈನಿಗೆ ಇನ್ನೂ ಎರಡು ಗೆರೆಯಷ್ಟು ಜಾಗ ಉಳಿದಿದೆ. ಅದು ಮುಗಿದಾಗ ಮುಂದೆ 15 ಇಟ್ಟು ಹಿಂದೆ 41 ಹಾಕಿಸಿ, ಉದ್ದದ ಚೈನು ಕೊಂಡು ನೋಡಬೇಕೆಂದಿದ್ದೇನೆ. ಅನುಪಾತ 2.73 ಆಗುತ್ತದೆ, ಈಗಿನದಕ್ಕೆ ಬಹಳ ಹತ್ತಿರ, ಚೈನೂ ಕಡಿಮೆ ಮಡಿಯುತ್ತದೆ.